ಹನ್ನೊಂದು ನಿಮಿಷದ ಟೀ

"ನನ್ನ ಕೋಡಲ್ಲಿ ತಪ್ಪಿಲ್ಲ ಮೇಡಂ."

ಸೋಮನಾಥ ಇದನ್ನು ನಾಲ್ಕನೇ ಸಲ ಹೇಳಿದ. ಸಬೀರಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಕುಡಿಯದೆ, ಮತ್ತೆ ಮುಚ್ಚಿದಳು. ಹತ್ತೊಂಬತ್ತು ದಿನಗಳಿಂದ ಅವಳು ಕೇಳಿಸಿಕೊಂಡದ್ದು ಇದೊಂದೇ ಮಾತು. ತಪ್ಪಿಲ್ಲದ ಕೋಡು, ತಪ್ಪಿಲ್ಲದ ಜನ. ಶೆಟ್ಟಿಹಳ್ಳಿಯ ಒಂದು ಮನೆಯ ಗೋಡೆಯಲ್ಲಿ ಮಾತ್ರ ಭೀಮರಾಜನ ಫೋಟೊ, ಅದರ ಮೇಲೆ ಒಣಗಿದ ಹಾರ.

ನಾಗಸಂದ್ರದ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯ ಸೋರಿದಾಗ ಸೈರನ್ ಕೂಗಲಿಲ್ಲ. ಒಳಗೆ ಮೆಣಸಿನಕಾಯಿ ಚೀಲ ಜೋಡಿಸುತ್ತಿದ್ದ ಭೀಮರಾಜ್ ಹೊರಗೆ ಬರಲಿಲ್ಲ. ಆ ಸೈರನ್ನಿನ ಸಾಫ್ಟ್‌ವೇರ್ ಬರೆದದ್ದು ಯಲಹಂಕ ನ್ಯೂ ಟೌನಿನ ಈ ಎರಡನೇ ಮಹಡಿಯ ಆಫೀಸು.

ತಲೆಯ ಮೇಲೆ ವಾಯುಪಡೆಯ ವಿಮಾನವೊಂದು ಗುಡುಗಿ ಹೋಯಿತು. ಕಿಟಕಿಯ ಗಾಜು ನಡುಗಿತು. ಯಾರೂ ತಲೆ ಎತ್ತಲಿಲ್ಲ.

"ಎರಡೂ ಮುಕ್ಕಾಲು ಆಯ್ತು ಮೇಡಂ," ಎಂದ ಉಮೇಶ್. ಆಫೀಸಿನ ಮಾಲೀಕ, ಯಲಹಂಕದಲ್ಲೇ ಹುಟ್ಟಿ ಬೆಳೆದವನು. ಅವನ ಮುಂದೆ ಆ ಸಾವಿನ ಬಗ್ಗೆ ಆಫೀಸೇ ಬರೆದ ನಾಲ್ಕು ಪುಟದ ರಿಪೋರ್ಟ್ ಇತ್ತು. "ಐದಕ್ಕೆ ಇದನ್ನ ಸ್ಟೇಷನ್ನಿಗೆ ಕೊಡ್ಬೇಕು. ಇನ್ಸ್‌ಪೆಕ್ಟರ್ ಎರಡು ಸಲ ಫೋನ್ ಮಾಡಿದ್ರು. ನೀವು ನೋಡೋದೆಲ್ಲ ನೋಡಿ ಆಯ್ತಲ್ಲ?"

ಮೂರನೇ ಪುಟದಲ್ಲಿ ಒಂದು ಹೆಸರಿತ್ತು. ಆ ಹೆಸರಿನವಳು ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು: ದಾಕ್ಷಾಯಣಿ, ಮೂವತ್ತೊಂದು ವರ್ಷ, ಊರು ಬಾಗಲಕೋಟೆ ಕಡೆ. ರಿಪೋರ್ಟ್ ಸ್ಟೇಷನ್ ತಲುಪಿದರೆ ಒಂದು ಸಾವಿಗೆ ಕಾರಣಳಾದವಳು ಅವಳೇ ಎಂದು ಕಾಗದದ ಮೇಲೆ ನಿಲ್ಲುತ್ತದೆ. ಅದನ್ನು ತಡೆಯಲೆಂದೇ ಅವಳು, ಪೊಲೀಸ್ ಕೆಲಸ ಬಿಟ್ಟು ಖಾಸಗಿ ತನಿಖೆ ಮಾಡುತ್ತಿದ್ದ ಸಬೀರಾಳನ್ನು ಆರ್.ಟಿ. ನಗರದವರೆಗೆ ಹುಡುಕಿಕೊಂಡು ಬಂದಿದ್ದಳು.

ಕರೆದುಕೊಂಡು ಬಂದವನು ಗಂಡ ಶರಣು. ಈಗಲೂ ಕೆಳಗೆ, ಟೀ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ರಜೆ ಹಾಕಿ, ದಿನವೂ ಹೆಂಡತಿಯನ್ನು ಪುಟ್ಟೇನಹಳ್ಳಿಯಿಂದ ಸ್ಕೂಟರಿನಲ್ಲಿ ಕರೆತರುತ್ತಿದ್ದ. ಅವಳು ಕೆಳಗಿಳಿಯುವವರೆಗೂ, ಮಡಚುವ ಕಡೆ ಮುರಿದು ಹಸಿರು ಟೇಪ್ ಸುತ್ತಿದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಕುಟ್ಟುತ್ತಿರುತ್ತಿದ್ದ. ಇಂಥ ಗಂಡ ಸಿಕ್ಕಿದ್ದರೆ ತಾನು ಪೊಲೀಸ್ ಕೆಲಸ ಬಿಡುತ್ತಿರಲಿಲ್ಲವೇನೋ ಎಂದು ಸಬೀರಾ ಮೊದಲ ದಿನ ಅಂದುಕೊಂಡಿದ್ದಳು. ಈಗ ಅಷ್ಟು ಅಂದುಕೊಳ್ಳುವ ತ್ರಾಣವೂ ಉಳಿದಿರಲಿಲ್ಲ. ಸೊಂಟ ನೋಯುತ್ತಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು. "ಒಂದು ಸೈರನ್ನಿನ ಕೋಡಿಗೆ ಎರಡು ಭಾಷೆ ಯಾಕೆ? ನನ್ನಂಥವರಿಗೆ ಅರ್ಥ ಆಗೋ ಥರ."

ಸೋಮನಾಥ ನಿಟ್ಟುಸಿರು ಬಿಟ್ಟ. "ಸೆನ್ಸರ್ ಓದೋದು ರಸ್ಟ್ ಅನ್ನೋ ಭಾಷೆಯ ಭಾಗ. ನಂದು. ಅದು ಬಲೇ ಬಿಗಿ ಮೇಡಂ, ಗಾಳಿಯಲ್ಲಿರೋ ಅಮೋನಿಯದ ಲೆಕ್ಕ ತಪ್ಪಿ ಬಂದ್ರೆ ಒಪ್ಪಲ್ಲ. ಆ ಓದಿದ್ದನ್ನ ತಗೊಂಡು ಏನು ಮಾಡ್ಬೇಕು, ಯಾರಿಗೆ ಮೆಸೇಜ್ ಕಳಿಸ್ಬೇಕು, ಸೈರನ್ ಯಾವಾಗ ಹೊಡೀಬೇಕು ಅನ್ನೋದು ಪೈಥಾನ್ ಭಾಗ. ದಾಕ್ಷಾಯಣಿದು. ಪೈಥಾನಲ್ಲಿ ಬೇಗ ಬರೀಬಹುದು, ಬೇಗ ಬದಲಾಯಿಸ್ಬಹುದು. ರಸ್ಟ್ ಬೇಗ ಓಡತ್ತೆ. ಎರಡನ್ನೂ ಹೊಲಿದಿದ್ದೀವಿ."

"ಹೊಲಿಗೆ ಬಿಟ್ಟಿದ್ದು ಎಲ್ಲಿ?"

"ಅವಳ ಕಡೆ," ಎಂದ ಉಮೇಶ್, ರಿಪೋರ್ಟಿನ ಮೇಲೆ ಬೆರಳಿಟ್ಟು. "ಸೆನ್ಸರ್ ಕೆಟ್ಟ ನಂಬರ್ ಕೊಡ್ತು. ರಸ್ಟ್ ಭಾಗ ಗಾಬರಿಯಾಗಿ ಸತ್ತಿದೆ, ಅಂದ್ರೆ ನಿಂತುಹೋಗಿದೆ. ಇವಳ ಪೈಥಾನ್ ಆ ತಪ್ಪನ್ನ ಹಿಡಿದು ನುಂಗ್ಬಿಟ್ಟು, ಹಳೇ ನಂಬರನ್ನೇ ತೋರಿಸ್ತಾ ಕೂತಿದೆ. ನಲವತ್ಮೂರು ನಿಮಿಷ. ಅಷ್ಟೇ ಕಥೆ."

"ಇಲ್ರೀ ಅಕ್ಕಾರ." ದಾಕ್ಷಾಯಣಿ ಅಂದು ಬಾಯಿ ಬಿಟ್ಟದ್ದು ಅದೇ ಮೊದಲು. "ನಂಗ ರಸ್ಟ್ ಬರಂಗಿಲ್ರಿ, ಖರೇ. ಆದ್ರ ಮೀನು ಹಿಡಿದಂಗ ತಪ್ಪು ಹಿಡಿಯೋ ನನ್ನ ಬಲಿ ಎಂಥಾದ್ದು ಅಂತ ನಂಗ ಗೊತ್ತದ. ಸಣ್ಣಪುಟ್ಟ ತಪ್ಪು ಹಿಡಿಯಾಕ ಹಾಕೀನಿ. ರಸ್ಟ್ ಸತ್ತಾಗ ಬರೋ ತಪ್ಪು ಅದರಾಗ ಬೀಳಂಗಿಲ್ಲ, ತೂರಿ ಹೊರಗ ಹೋಗ್ತದ. ಪ್ರೋಗ್ರಾಮ್ ಪೂರಾ ಸಾಯ್ತದ. ಪ್ರೋಗ್ರಾಮ್ ಸತ್ರ ಸೈರನ್ ತಾನ ಕೂಗ್ತದ. ಹಂಗ ಕೂಡಿಸೀವಿ."

"ಸತ್ರೆ ಕೂಗತ್ತೆ," ಎಂದಳು ಸಬೀರಾ.

"ಹೌದ್ರಿ. ಉಸಿರು ನಿಂತ್ರ ಕೂಗಬೇಕು. ಅದ ರೂಲು."

ಸಬೀರಾ ಕೋಲ್ಡ್ ಸ್ಟೋರೇಜಿನ ದಾಖಲೆಯ ಹಾಳೆಯನ್ನು ಮತ್ತೆ ಬಿಡಿಸಿದಳು. ಮಡಿಕೆಗಳಲ್ಲಿ ಕಾಗದ ಸವೆದಿತ್ತು. ನಲವತ್ಮೂರು ನಿಮಿಷ, ಸೆಕೆಂಡಿಗೊಂದು ಸಾಲು, ಎಲ್ಲ ಸಾಲಿನಲ್ಲೂ ಅಮೋನಿಯದ ಒಂದೇ ಅಂಕಿ: ಎಂಟು ಪಾಯಿಂಟ್ ಒಂದು ಮೂರು. ಗಾಳಿ ಅಷ್ಟು ಹೊತ್ತು ಅಲುಗದೆ ನಿಲ್ಲುವುದಿಲ್ಲ. ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದರು. ರಸ್ಟ್ ಸತ್ತ ಗುರುತು ಒಂದು ಸಾಲಿನಲ್ಲೂ ಇರಲಿಲ್ಲ.

ಮೇಜಿನ ತುದಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟ ಒಂದು ಪೆಟ್ಟಿಗೆ ಇತ್ತು. ಅದೇ ಸೆನ್ಸರ್, ಅದೇ ಬೋರ್ಡ್, ಮೇಲೊಂದು ಕೆಂಪು ಸೈರನ್.

"ಇದರಲ್ಲಿರೋದು ನಿಮ್ಮ ಕೋಡೇನಾ?"

"ಅದೇ ಮೇಡಂ," ಎಂದ ಸೋಮನಾಥ. "ನಮ್ಮ ಆಫೀಸಲ್ಲಿ ಕಟ್ಟಿದ್ದು."

"ಕೆಟ್ಟ ನಂಬರ್ ಕೊಡಿ. ಈಗ್ಲೇ."

"ಏನ್ ಮೇಡಂ, ಹುಡುಗಾಟನಾ?" ಉಮೇಶ್ ಎದ್ದೇಬಿಟ್ಟ. "ಕೆಳಗಡೆ ದಂತವೈದ್ಯರ ಕ್ಲಿನಿಕ್ ಇದೆ ಕಣ್ರೀ!"

ದಾಕ್ಷಾಯಣಿ ಅಷ್ಟರಲ್ಲಿ ಕೀಬೋರ್ಡ್ ಎಳೆದುಕೊಂಡಿದ್ದಳು. ಗಾಳಿ ಎಂದೂ ಕೊಡಲಾರದ ಅಂಕಿಯೊಂದನ್ನು, ಸೊನ್ನೆಗಿಂತ ಒಂಬೈನೂರು ಕೆಳಗಿನದನ್ನು, ಒತ್ತಿದಳು.

ಒಂದು ಸೆಕೆಂಡ್. ಎರಡು.

ಸೈರನ್ ಕೂಗಿತು.

ಉಮೇಶ್ ಕಿವಿ ಮುಚ್ಚಿಕೊಂಡ. ರಸ್ತೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಸೋಮನಾಥ ತಂತಿ ಕೀಳಲು ಕೈ ಚಾಚಿದರೆ ದಾಕ್ಷಾಯಣಿ ಆ ಕೈಯನ್ನು ತಡೆದಳು. ಕಿವಿ ಮುಚ್ಚಿಕೊಳ್ಳದೆ ನಿಂತಿದ್ದಳು.

"ಹಿಂಗ ಕೂಗಬೇಕಿತ್ತು," ಎಂದಳು. ಸದ್ದಿನಲ್ಲಿ ಅದು ಕೇಳಿಸಲಿಲ್ಲ. ತುಟಿ ನೋಡಿ ಸಬೀರಾ ತಿಳಿದುಕೊಂಡಳು.

ಆಮೇಲೆ ಯಾರೋ ತಂತಿ ಕಿತ್ತರು.

"ಇಲ್ಲಿ ಕೂಗ್ತು," ಎಂದಳು ಸಬೀರಾ. "ಅಲ್ಲಿ ಯಾಕೆ ಕೂಗ್ಲಿಲ್ಲ?"

"ಅಲ್ಲಿರೋದೂ ಇದೇ ಕೋಡ್..." ಸೋಮನಾಥನ ದನಿ ಸಣ್ಣದಾಗಿತ್ತು.

"ಕೋಡ್ ಇದೇ. ಫೈಲ್ ಇದೇನಾ?"

ದಣಿದ ತಲೆಯಲ್ಲಿ ಸಬೀರಾ ತನಗೆ ತಾನೇ ಪಾಠ ಒಪ್ಪಿಸಿಕೊಂಡಳು. ಪೈಥಾನ್ ಬರೆದ ಹಾಗೇ ಹೋಗಿ ಯಂತ್ರದಲ್ಲಿ ಕೂರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು. ರಸ್ಟ್ ಹಾಗಲ್ಲ. ಬರೆದದ್ದನ್ನು ಮೊದಲು ಕಟ್ಟಬೇಕು, ಅಂದರೆ ಯಂತ್ರದ ಭಾಷೆಗೆ ತಿರುಗಿಸಬೇಕು. ಕಟ್ಟಿದ ಮೇಲೆ ಅದೊಂದು ಉಂಡೆ, ಓದಲು ಬಾರದು. ಹತ್ತೊಂಬತ್ತು ದಿನ ಎಲ್ಲರೂ ಓದಿದ್ದು ಆಫೀಸಿನಲ್ಲಿದ್ದ ಬರಹವನ್ನು. ನಾಗಸಂದ್ರದಲ್ಲಿ ಕೂತಿದ್ದ ಉಂಡೆಯನ್ನು ಯಾರೂ ಬಿಡಿಸಿ ನೋಡಿರಲಿಲ್ಲ.

ಮೆಟ್ಟಿಲಲ್ಲಿ ಹವಾಯಿ ಚಪ್ಪಲಿಯ ಸದ್ದು. ಕೆಳಗಿನ ಟೀ ಗಾಡಿಯ ಬೈರಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಈ ಲೇಔಟ್ ಆಗುವುದಕ್ಕೆ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನದವನು.

"ಏನ್ರಪ್ಪಾ, ಬೆಂಕಿ ಗಿಂಕಿ ಬಿತ್ತಾ? ಇಂಗ್ ಕೂಗುಸ್ತೀರಲ್ಲ, ಆಲೆಲ್ಲ ಉಕ್ಕೋಯ್ತು!"

"ಬನ್ನಿ ಬೈರಣ್ಣ, ಕೂತ್ಕೊಳ್ಳಿ," ಎಂದಳು ಸಬೀರಾ. "ಇವರು ನಿಮ್ಮ ಹತ್ರ ಟೀಗೆ ಯಾವಾಗ ಯಾವಾಗ ಬರ್ತಾರೆ?"

"ಅನ್ನೊಂದಕ್ಕೊಂದಪ, ನಾಕಕ್ಕೊಂದಪ. ಅದ್ಬುಟ್ರೆ ಆ ಮೂಲೆ ಮಿಸೀನು ಕಟ್ಟಾಕ್ ಕುಂತಾಗ. ಅನ್ನೊಂದ್ ನಿಮಿಸ. ಎಲ್ರೂವೆ ಇಳ್ದು ಬತ್ತಾರೆ, ಸೋಮಣ್ಣ ವಾಚ್ ನೋಡ್ಕಂಡೇ ಕುಡೀತಾರೆ."

ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರ್ ಇತ್ತು. ಅದಕ್ಕೆ ಇವರು ಇಟ್ಟ ಹೆಸರು ಕಟ್ಟೆ. ಆಫೀಸಿನ ನಿಯಮ ಒಂದೇ: ರಸ್ಟ್ ಭಾಗ ಬದಲಾದರೆ ಕಟ್ಟೆಯಲ್ಲಿ ಮಾತ್ರ ಕಟ್ಟಬೇಕು. ಹಳೆಯ ಯಂತ್ರ, ಕಟ್ಟುವ ಹನ್ನೊಂದು ನಿಮಿಷ ಬೇರೆ ಯಾವ ಪರೀಕ್ಷೆಯೂ ಓಡುವುದಿಲ್ಲ. ಹಾಗಾಗಿ ಟೀ.

"ಜೂನ್ ಹನ್ನೆರಡು, ಗುರುವಾರ," ಎಂದಳು ಸಬೀರಾ. ಭೀಮರಾಜ್ ಸತ್ತದ್ದು ಅದರ ಮಾರನೆಯ ವಾರ. "ಕೋಲ್ಡ್ ಸ್ಟೋರೇಜಿನ ಫೈಲು ಕೊನೇ ಸಲ ಬದಲಾಗಿರೋದು ಅವತ್ತು, ಸಂಜೆ ನಾಲ್ಕೂ ಇಪ್ಪತ್ತಕ್ಕೆ. ಅವತ್ತಿನ ಟೀ ನೆನಪಿದ್ಯಾ?"

ಬೈರಣ್ಣ ನಕ್ಕ. "ಮರೆಯಾದುಂಟಾ? ಟ್ರಾನ್ಸ್‌ಫಾರ್ಮರ್ ಸುಟ್ಟೋಗಿತ್ತಲ್ಲವ್ವ. ಮೂರ್ಗಂಟೆಯಿಂದ ಐದೂವರೆಗಂಟ ಬೀದೀಗೇ ಕರೆಂಟಿಲ್ಲ. ಸೆಕೆ ತಡೀನಾರ್ದೆ ಎಲ್ರೂ ನನ್ ಬೆಂಚ್ ಮೇಲೇ. ಈವಮ್ಮ ಮೂರು ಬನ್ನು ತಿಂದ್ಲು."

"ಎರಡರಿ," ಎಂದಳು ದಾಕ್ಷಾಯಣಿ.

"ಮೂರು ಕಣವ್ವ. ಸೋಮಣ್ಣ ಒಬ್ರೇ ಲ್ಯಾಪ್‌ಟಾಪ್ ಇಡ್ಕಂಡು ಅತ್ಲಾಗ್ ಕುಂತಿದ್ರು, ಪೋನ್‌ನಾಗೆ ಮಾತಾಡ್ಕಂಡು."

ಬೈರಣ್ಣ ಉಕ್ಕಿದ ಹಾಲಿನ ನೆನಪಾಗಿ ಇಳಿದು ಹೋದ.

"ಕರೆಂಟಿಲ್ಲ," ಎಂದಳು ಸಬೀರಾ. "ಕಟ್ಟೆ ಓಡಿಲ್ಲ. ಆದ್ರೂ ಹೊಸ ಫೈಲ್ ಹೋಗಿದೆ. ಸೋಮನಾಥ್, ಐದನೇ ಸಲ ಹೇಳಿ. ನಿಮ್ಮ ಕೋಡಲ್ಲಿ ತಪ್ಪಿಲ್ಲ ಅಂತ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಅವತ್ತು ಬೆಳಿಗ್ಗೆಯಿಂದ ಅಲ್ಲಿ ಸುಮ್ಮಸುಮ್ಮನೆ ಸೈರನ್ ಕೂಗ್ತಿತ್ತು," ಎಂದ. "ಸೆನ್ಸರ್ ಮೇಲೆ ಐಸ್ ಕಟ್ಟಿದಾಗೆಲ್ಲ ಕೆಟ್ಟ ನಂಬರ್. ಕೆಟ್ಟ ನಂಬರ್ ಬಂದಾಗೆಲ್ಲ ಪ್ರೋಗ್ರಾಮ್ ಸಾಯ್ತಿತ್ತು. ಅಲ್ಲಿನವರು ಬೈದು ಬೈದು... ಸರ್ ಸಂಜೆಯೊಳಗೆ ನಿಲ್ಲಿಸು ಅಂದ್ರು."

"ನಿಲ್ಲಿಸು ಅಂದೆ ಗುರು! ಹಿಂಗೆ ನಿಲ್ಲಿಸು ಅಂದ್ನಾ?"

"ಹೇಗೆ ಅಂತ ಕೇಳ್ಲಿಲ್ಲ ಸರ್ ನೀವು."

ಉಮೇಶ್ ಕೂತ. ರಿಪೋರ್ಟನ್ನು ಎತ್ತಿಕೊಂಡು, ಮತ್ತೆ ಅಲ್ಲೇ ಇಟ್ಟ.

"ಹೊಸ ಫೈಲಲ್ಲಿ ಏನಿತ್ತು?" ಸಬೀರಾ ಬಿಡಲಿಲ್ಲ.

"ಕೆಟ್ಟ ನಂಬರ್ ಬಂದ್ರೆ ಸಾಯ್ಬೇಡ, ಹಿಂದಿನ ಒಳ್ಳೇ ನಂಬರ್ ಕೊಡು ಅಂತ. ಮೂರೇ ಸಲ ಹಾಗೆ ಮಾಡು, ನಾಲ್ಕನೇ ಸಲ ಸಾಯಿ ಅಂತ ಹೇಳಿದ್ದೆ. ಮೂರು ಸಲ ಅನ್ನೋದು ಬಿಟ್ಟು ಹೋಗಿದೆ. ನಾನು ನೋಡ್ಲಿಲ್ಲ. ಹಾಗೇ ಹಾಕ್ಬಿಟ್ಟೆ."

"ಹೇಳಿದ್ದೆ ಅಂದ್ರಲ್ಲ. ಯಾರಿಗೆ?"

ಸೋಮನಾಥ ಕನ್ನಡಕ ಹಾಕಿಕೊಂಡ. ಅವನ ನೋಟ ಒಮ್ಮೆ ಕಿಟಕಿಯತ್ತ ಹೋಗಿ, ಸುಟ್ಟುಕೊಂಡ ಹಾಗೆ ಹಿಂದಕ್ಕೆ ಬಂತು.

"ಹಾಕಿದ್ದು ನಾನು ಮೇಡಂ. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಕಟ್ಟಿದ್ದು ನಾನಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಕಟ್ಟೋಕೆ ಆಗಲ್ಲ."

"ಮತ್ತ್ಯಾರು?"

ಸೋಮನಾಥ ಕಿತ್ತಿಟ್ಟಿದ್ದ ತಂತಿಯನ್ನು ಸುತ್ತಿಡತೊಡಗಿದ.

"ಸೋಮಣ್ಣಾ," ಎಂದಳು ದಾಕ್ಷಾಯಣಿ. "ಹತ್ತೊಂಬತ್ತು ದಿನ ನಾ ನಿನ್ನ ಮಗ್ಗಲದಾಗ ಕುಂತು ನನ್ನ ಕೋಡಿನಾಗ ತಪ್ಪು ಹುಡುಕೀನಿ. ನೀನೂ ಕೂಡಿ ಹುಡುಕ್ದಿ. ನಾಚಿಕಿ ಬರಲಿಲ್ಲೇನು ನಿಂಗ? ನಮ್ಮ ಮನ್ಯಾಗ ಎಷ್ಟು ಸಲ ಊಟ ಮಾಡೀದಿ."

ಅದು ನಿಜವಿತ್ತು. ಸೋಮನಾಥ ಮತ್ತು ಶರಣು ಮದುವೆಗೆ ಮುಂಚೆ ಒಂದೇ ರೂಮಿನಲ್ಲಿದ್ದವರು. ದಾಕ್ಷಾಯಣಿಗೆ ಈ ಕೆಲಸ ಕೊಡಿಸಿದ್ದೂ ಆ ಗೆಳೆತನವೇ. ಸೋಮನಾಥ ತಲೆ ತಗ್ಗಿಸಿದ. ಬಾಯಿ ಮಾತ್ರ ತೆರೆಯಲಿಲ್ಲ.

ಸಬೀರಾಗೆ ಎದ್ದು ಮನೆಗೆ ಹೋಗಿ ಮಲಗಬೇಕೆನಿಸಿತು. ಇಂಥ ಮೌನಗಳನ್ನು ಅವಳು ಪೊಲೀಸ್ ಕೆಲಸದಲ್ಲಿ ಸಾಕಷ್ಟು ಕಂಡಿದ್ದಳು. ಅವು ಮಧ್ಯಾಹ್ನ ಮೂರಕ್ಕೆ ಶುರುವಾಗಿ ಮರುದಿನ ಮೂರಕ್ಕೂ ಮುಗಿಯುವುದಿಲ್ಲ. ಅಷ್ಟು ಸಮಯ ಅವಳ ಬಳಿ ಇರಲಿಲ್ಲ.

ಆಗ ಅವಳ ಕಣ್ಣು ದಾಕ್ಷಾಯಣಿಯ ಪರದೆಗೆ ಬಿತ್ತು. ಸೈರನ್ ಕೂಗುವ ಮುನ್ನ ಪ್ರೋಗ್ರಾಮ್ ಸತ್ತಿತ್ತಲ್ಲ, ಅದು ಸಾಯುವಾಗ ಉದುರಿಸಿದ ಕೆಂಪು ಸಾಲುಗಳು ಇನ್ನೂ ಅಲ್ಲೇ ಇದ್ದವು. ಎಲ್ಲಿ ಸತ್ತೆ, ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಸತ್ತೆ ಎಂದು ಅದು ಬರೆದಿಟ್ಟಿತ್ತು.

"ಇದೇನಿದು? ಮೊದಲು ಹೋಮ್ ಅಂತಿದೆ, ಆಮೇಲೆ ಕಟ್ಟೆ ಅಂತಿದೆ."

"ಅದೇನಿಲ್ಲ ಮೇಡಂ," ಎಂದ ಸೋಮನಾಥ. ಬೇಗ ಹೇಳಿದ.

"ಅಷ್ಟು ಬೇಗ ಹೇಳ್ಬೇಡಿ."

ದಾಕ್ಷಾಯಣಿ ಬಾಗಿ ನೋಡಿದಳು. "ಇದು ಕಟ್ಟಿದ ಮಿಷಿನ್ನಿನ ಲಾಗಿನ್ ಹೆಸರಲ್ಲೇನು ಸೋಮಣ್ಣಾ? ಬ್ಯಾರೇದವ್ರ ಕೋಡ್ ತಂದು ಸೇರಿಸ್ತೀವಲ್ಲ, ಅದು ಇಳಿಯೋ ಜಾಗ. ಯಾರ ಹೆಸರಿನ್ಯಾಗ ಲಾಗಿನ್ ಆಗಿರ್ತೀವೋ ಅವರ ಫೋಲ್ಡರ್."

"ಅಂದ್ರೆ ಕಟ್ಟಿದ ಜಾಗದ ಗುರುತು ಉಂಡೆಯೊಳಗೇ ಉಳಿದಿರತ್ತೆ," ಎಂದಳು ಸಬೀರಾ ನಿಧಾನವಾಗಿ. "ನಾಗಸಂದ್ರದ ಉಂಡೆಯಲ್ಲೂ?"

ಸೋಮನಾಥ ಕಣ್ಣು ಮುಚ್ಚಿದ. ಅದೇ ಉತ್ತರ.

ಸಬೀರಾ ಕೈಚೀಲದಿಂದ ಪೆನ್‌ಡ್ರೈವ್ ತೆಗೆದಳು. ಭೀಮರಾಜನ ಹೆಂಡತಿ ಮಾಲಾಳ ವಕೀಲರು ಕೋಲ್ಡ್ ಸ್ಟೋರೇಜಿನ ಯಂತ್ರದಿಂದ ಆ ಫೈಲನ್ನು ಇಳಿಸಿ, ತಾವೊಂದು ಪ್ರತಿ ಇಟ್ಟುಕೊಂಡು, ಇವಳಿಗೊಂದು ಕೊಟ್ಟಿದ್ದರು. ಎಂಟು ದಿನದಿಂದ ಅದು ಗ್ಯಾಸ್ಟ್ರಿಕ್ ಮಾತ್ರೆಯ ಪಕ್ಕದಲ್ಲೇ ಬಿದ್ದಿತ್ತು. ಓದಲು ಬಾರದ ಉಂಡೆ ಎಂದು ಎಲ್ಲರೂ ಹೇಳಿದ್ದರಿಂದ ಅವಳೂ ನಂಬಿದ್ದಳು.

ಅವರ ಮುಂದೆಯೇ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು.

"ಸರ್, ಸಬೀರಾ. ಐದಕ್ಕೆ ಎಲ್ಲರನ್ನೂ ಕರ್ಕೊಂಡ್ ಬರ್ತೀನಿ. ಆ ರಿಪೋರ್ಟ್ ತಗೋಬೇಡಿ. ಆ ಫೈಲ್ ಕಟ್ಟಿದವರ ಹೆಸರು ಅದರೊಳಗೇ ಇದೆ. ನಿಮ್ಮೆದುರೇ ಓದ್ತೀನಿ. ಯಾರದ್ದೇ ಆಗಿರ್ಲಿ, ಅವರನ್ನ ಅಲ್ಲೇ ಕೂರಿಸ್ಕೊಳ್ಳಿ."

ಫೋನ್ ಇಟ್ಟಾಗ ಸೋಮನಾಥ ಅವಳ ಪಕ್ಕದಲ್ಲೇ ನಿಂತಿದ್ದ.

"ಮೇಡಂ, ಅಲ್ಲಿ ಓದ್ಬೇಡಿ. ಮೊದ್ಲು ನೀವೊಬ್ರೇ ಓದಿ. ನನಗೋಸ್ಕರ ಅಲ್ಲ." ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇದ್ದಿದ್ದರೆ ಸಬೀರಾಗೆ ಸುಲಭವಾಗುತ್ತಿತ್ತು.

ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿ, ಅದರ ಅಂಚಿನ ಮೇಲೆ ಒಂದು ಒಣಗಿದ ತುಳಸಿಯ ಕುಂಡ. ಸಬೀರಾ ಕುಂಡವನ್ನು ಸರಿಸಿ ತನ್ನ ಲ್ಯಾಪ್‌ಟಾಪ್ ಇಟ್ಟಳು. ಪಕ್ಕದಲ್ಲಿ ದಾಕ್ಷಾಯಣಿ. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಗಿತ್ತು.

"ನಾ ತೋರಸ್ತೀನಿ ಅಕ್ಕಾರ. ಒಂದು ಕಮಾಂಡ್ ಅದ. ಕಸದಾಗಿಂದ ಓದಾಕ ಬರೋ ಅಕ್ಷರ ಅಷ್ಟ ಆರಿಸಿ ಕೊಡ್ತದ." ಟೈಪ್ ಮಾಡುತ್ತಲೇ ಕೇಳಿದಳು, "ಅಂದ್ರ ನಾ ಇವತ್ತು ಮನಿಗೆ ಹೋಗಬಹುದಲ್ರಿ? ಶರಣೂಗ ಹೇಳಬೇಕು. ಪಾಪ, ನನಗಿಂತ ಅಂವನ ಸೊರಗ್ಯಾನ. ರಾತ್ರಿ ನಿದ್ದಿನೂ ಮಾಡಂಗಿಲ್ಲ."

ಸಾಲುಗಳು ಓಡಿದವು. ನಿಂತವು. ಹೋಮ್ ಎಂಬ ಪದ ಸಿಕ್ಕಿತು. ಅದರ ಮುಂದೆ ಒಂದು ಗೀಟು, ಗೀಟಿನ ಮುಂದೆ ಒಂದು ಹೆಸರು.

ದಾಕ್ಷು.

ಸಬೀರಾ ಎರಡು ಸಲ ಓದಿದಳು. ಅದೇ ಹೆಸರು ಕೆಳಗೆ ಮತ್ತೆ ಹತ್ತಾರು ಕಡೆ ಇತ್ತು. ಎಲ್ಲ ಕಡೆಯೂ ಅದೇ.

"ರಸ್ಟ್ ಬರಲ್ಲ ಅಂದೆ ನೀನು ನನಗೆ," ಎಂದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಮೊದಲ ದಿನದಿಂದ ಅದನ್ನೇ ಅಂದೆ ಕಣಮ್ಮ."

"ಬರಂಗಿಲ್ರಿ!" ದಾಕ್ಷಾಯಣಿ ಪರದೆಯನ್ನೇ ನೋಡುತ್ತಿದ್ದಳು. "ಅಕ್ಕಾರ, ದೇವರಾಣಿ. ಅವತ್ತು ನಾ ಕೆಳಗ ಬನ್ನು ತಿನ್ಕೋತ ಕುಂತಿದ್ದೆ, ಬೈರಣ್ಣ ಹೇಳಿದ್ನಲ್ಲ. ನನ್ನ ಈಗಿನ ಲ್ಯಾಪ್‌ಟಾಪಿನ್ಯಾಗ ಆಫೀಸಿನ ಹೆಸರದ. ದಾಕ್ಷು ಅಂತ ಇದ್ದದ್ದು ಹಳೇದ್ರಾಗ. ನನ್ನ ಸ್ವಂತದ್ದು. ಈಗ ಅದು ನನ್ನ ಕಡೆ ಇಲ್ಲ. ಮಡಚೋ ಕಡೆ ಮುರದಿತ್ತಂತ ನಾನ ಟೇಪ್ ಸುತ್ತಿ..."

ಅಲ್ಲಿಗೆ ನಿಂತಳು.

ಕಿಟಕಿಯ ಕೆಳಗೆ ಬೈರಣ್ಣನ ಸ್ಟವ್ ಬುಸುಗುಡುತ್ತಿತ್ತು. ಕಲ್ಲುಬೆಂಚಿನ ಮೇಲೆ ಶರಣು ಕೂತಿದ್ದ. ಬಿಸಿಲಿಗೆ ಹಸಿರು ಟೇಪ್ ಹೊಳೆಯುತ್ತಿತ್ತು.

"ಹುಡುಗರ ಪ್ರಾಜೆಕ್ಟ್ ನೋಡ್ತೀನಿ ಅಂತಿದ್ದ," ಎಂದಳು ದಾಕ್ಷಾಯಣಿ, ಯಾರಿಗೂ ಅಲ್ಲದೆ. "ಲಾಕ್‌ಡೌನ್ ಟೈಮಿನ್ಯಾಗ ಸೋಮಣ್ಣನ ಕೂಡ ಕುಂತು ಏನೋ ಕಲೀಲಿಕತ್ತಿದ್ದ. ಗಣಿತದವ್ರಿಗೆ ಚಲೋ ಅಂತ. ಯಾವ ಭಾಷಾ ಅಂತ ನಾ ಕೇಳಲೇ ಇಲ್ಲ."

ಶರಣು ತಲೆ ಎತ್ತಿದ. ಕಿಟಕಿಯಲ್ಲಿ ಹೆಂಡತಿಯನ್ನು ಕಂಡು ಕೈ ಬೀಸಿದ. ಲ್ಯಾಪ್‌ಟಾಪನ್ನು ಜೋಪಾನವಾಗಿ, ಮುರಿದ ಕಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮುಚ್ಚಿದ.

"ದಾಕ್ಷೂ, ಟೈಮ್ ಆತಲ್ಲ! ಏನರ ಸಿಕ್ತೇನು?"

ದಾಕ್ಷಾಯಣಿ ಕಿಟಕಿಯಿಂದ ಹಿಂದೆ ಸರಿದಳು. ಸಬೀರಾಳ ಮೊಣಕೈ ಹಿಡಿದಳು.

"ಇದನ್ನ ಅಳಸಾಕ ಬರ್ತದೇನ್ರಿ?"

"ವಕೀಲರ ಹತ್ರ ಇನ್ನೊಂದಿದೆ. ಇನ್ಸ್‌ಪೆಕ್ಟರಿಗೆ ನಾನೇ ಹೇಳಿ ಆಗಿದೆ."

ದಾಕ್ಷಾಯಣಿ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ದಿನದಿಂದ ಹೊತ್ತಿದ್ದ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡವಳಂತೆ ಕಂಡಳು.

"ಓದ್ರಿ ಹಂಗಾರ. ಎಲ್ಲಾರ ಮುಂದ ಓದ್ರಿ. ಅದು ನನ್ನ ಹೆಸರ ಐತಲ್ರಿ."

"ದಾಕ್ಷಾಯಣಿ."

"ನಾನ ಕಟ್ಟೀನಿ ಅಂತ ಹೇಳ್ತೀನಿ."

"ಬೈರಣ್ಣ ನಿನ್ನ ನೋಡಿದಾನೆ. ಮೂರು ಗಂಟೆಯಿಂದ ನೀನು ಅಲ್ಲೇ ಇದ್ದೆ."

"ಬೈರಣ್ಣನ್ನ ಸ್ಟೇಷನ್ನಿಗೆ ಯಾರೂ ಕರದಿಲ್ಲಲ್ರಿ ಅಕ್ಕಾರ."

ಅವಳು ಮೆಟ್ಟಿಲಿಳಿದು ಹೋದಳು. ಕೆಳಗೆ ಶರಣು ಎದ್ದು ನಿಂತು, ಸೀಟಿನ ಕೆಳಗಿನಿಂದ ಹೆಲ್ಮೆಟ್ ತೆಗೆದು, ಹೆಂಡತಿಯ ತಲೆಗೆ ತಾನೇ ಇಟ್ಟು, ಗದ್ದದ ಕೆಳಗೆ ಪಟ್ಟಿಯನ್ನು ಬಿಗಿದ. ಆಮೇಲೆ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟ, ಹಿಡಿದುಕೋ ಎಂದು.

ಸ್ಕೂಟರ್ ಹೊರಟಿತು. ಪುಟ್ಟೇನಹಳ್ಳಿಯ ಮನೆಗೆ ಎಡಕ್ಕೆ ತಿರುಗಬೇಕು, ಸ್ಟೇಷನ್ನಿಗೆ ಬಲಕ್ಕೆ. ಸಬೀರಾ ಕಿಟಕಿಯಿಂದ ನೋಡುತ್ತಾ ನಿಂತಳು.

ಅದು ಎರಡೂ ಕಡೆ ತಿರುಗಲಿಲ್ಲ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡ ದಾಕ್ಷಾಯಣಿಯನ್ನು ಹೊತ್ತು ನೇರವಾಗಿ ಯಲಹಂಕ ಕೆರೆಯ ದಾರಿ ಹಿಡಿಯಿತು.